ಕಲ್ಲು ಜೋಡಿಸುವ ಆಟ

ಅಥವಾ ಅವು ಮನೆಗಳೇ ಅಲ್ಲವೇನೋ.

ಹಾಗಾದರೆ ಆ ಜಪಾನಿ ಸಿನಿಮಾದ ಬಗ್ಗೆ ನಾಲ್ಕು ಪುಟ ಬರೆದದ್ದೆಲ್ಲ ಏನು? ಕಲ್ಲಿನ ಮೇಲೆ ಕಲ್ಲು, ಅದರ ಮೇಲೆ ಇನ್ನೊಂದು ಚಿಕ್ಕದು, ತುದಿಯಲ್ಲಿ ಉಗುರಿನಷ್ಟು ಒಂದು ಚಕ್ಕೆ. ಇದನ್ನು ಬೇರೆ ಏನೆಂದು ಓದಲು ಸಾಧ್ಯ? ಬೆಟ್ಟದಪುರದ ಬೆಟ್ಟ ಹತ್ತುವವರು ಮೆಟ್ಟಿಲ ಪಕ್ಕದ ಬಂಡೆಯ ಮೇಲೆ ಜೋಡಿಸುವುದೂ ಇದನ್ನೇ. ಮೂರೋ ನಾಲ್ಕೋ ಕಲ್ಲು ಪೇರಿಸಿ, ಸ್ವಂತಕ್ಕೊಂದು ಮನೆಯಾಗಲಿ ಎಂದು ಕೈಮುಗಿದು ಮೇಲೆ ಹೋಗುತ್ತಾರೆ. ಇಳಿಯುವಾಗ ಅದು ಬಿದ್ದಿದ್ದರೆ ನೋಡದವರಂತೆ ಬರುತ್ತಾರೆ. ಜಪಾನಿನವರಿಗೆ ಮನೆ ಬೇಡವೇ? ಬೇಕು. ಬೇಕಾದರೆ, ಆ ಹೆಂಗಸು ಗೆದ್ದ ಮೇಲೆ ತನ್ನ ಕಲ್ಲುಗಳನ್ನು ತಾನೇ ಯಾಕೆ ಕೆಡವಿದಳು?

ಶಿವಶಂಕರ್ ಲ್ಯಾಪ್‌ಟಾಪಿನ ಮೇಲೆ ಕೂತ ಹೊಗೆಸೊಪ್ಪಿನ ಪುಡಿಯನ್ನು ಊದಿ, ಬರೆದ ಕೊನೆಯ ಸಾಲನ್ನು ಅಳಿಸಿದ. ಆಮೇಲೆ ಅದನ್ನೇ ಮತ್ತೆ ಬರೆದ.

ಪಿರಿಯಾಪಟ್ಟಣದ ಒಂದು ಕಾಲೇಜಿನಲ್ಲಿ ಅವನು ಎರಡು ವರ್ಷ ಅತಿಥಿ ಉಪನ್ಯಾಸಕನಾಗಿದ್ದ. ಈ ವರ್ಷ ಕರೆ ಬಂದಿರಲಿಲ್ಲ. ಊರಿನಲ್ಲಿದ್ದುಕೊಂಡು, ಮೈಸೂರಿನ ಪವಿತ್ರಾ ಎಂಬುವರು ನಡೆಸುವ ಒಂದು ವೆಬ್ ಪತ್ರಿಕೆಗೆ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದ. ಹುಡುಗರೆಲ್ಲ ಫೋನಿನಲ್ಲಿ ನೋಡುತ್ತಿದ್ದ ಒಂದು ಜಪಾನಿ ಸಿನಿಮಾದ ಧಾರ್ಮಿಕ, ಸಾಮಾಜಿಕ ಸಂಕೇತಗಳ ಮೇಲೆ ಬರೆದುಕೊಡಿ, ಸೋಮವಾರದೊಳಗೆ ಬೇಕು ಎಂದು ಅವರು ಕೇಳಿದ್ದರು.

ಸಿನಿಮಾ ಒಂದು ಸಾವಿನ ಆಟ. ಕಾರ್ಖಾನೆಯೊಂದರ ಮೂವತ್ತೊಂದು ಕೆಲಸಗಾರರಿಗೆ ಎಚ್ಚರವಾದಾಗ ಅವರು ಒಣಗಿದ ಹೊಳೆಯ ದಡದಲ್ಲಿರುತ್ತಾರೆ. ಮೈಮೇಲೆ ಸಮವಸ್ತ್ರ, ಎದೆಯ ಮೇಲೆ ನಂಬರು. ಕಂಬದ ಮೇಲಿನ ಮೈಕಿನಿಂದ ಒಂದು ಮಗುವಿನ ದನಿ ಆಟದ ನಿಯಮ ಹೇಳುತ್ತದೆ. ಗಂಟೆ ಹೊಡೆಯುವುದರೊಳಗೆ ಮೊಣಕಾಲೆತ್ತರಕ್ಕೆ ಕಲ್ಲು ಜೋಡಿಸಬೇಕು. ಗಂಟೆ ಹೊಡೆದ ಕೂಡಲೇ ಕಬ್ಬಿಣದ ಕೋಲು ಹಿಡಿದ ರಾಕ್ಷಸನೊಬ್ಬ ಬರುತ್ತಾನೆ. ಯಾರ ಕಲ್ಲು ಗಿಡ್ಡವೋ ಅವರನ್ನು ಕೊಲ್ಲುತ್ತಾನೆ. ಉಳಿದವರ ಕಲ್ಲುಗಳನ್ನು ಒದ್ದು ಕೆಡವುತ್ತಾನೆ. ಮತ್ತೆ ಮೊದಲಿನಿಂದ. ದಡದುದ್ದಕ್ಕೂ ಕೊರಳಿಗೆ ಕೆಂಪು ಬಟ್ಟೆ ಕಟ್ಟಿದ, ಕಣ್ಣು ಮುಚ್ಚಿದ ಪುಟ್ಟ ಕಲ್ಲಿನ ಮೂರ್ತಿಗಳು ಸಾಲಾಗಿ ನಿಂತಿರುತ್ತವೆ. ಕೊನೆಗೆ ಉಳಿಯುವುದು ಹದಿನೇಳನೆಯ ನಂಬರಿನ ಹೆಂಗಸು. ಗೇಟು ತೆರೆಯುತ್ತದೆ. ಅವಳು ಹೋಗುವುದಿಲ್ಲ. ನಿಂತಿದ್ದ ತನ್ನ ಕಲ್ಲುಗಳನ್ನು ಕೈಯಿಂದ ತಳ್ಳಿ, ಕೂತು, ಮತ್ತೆ ಮೊದಲನೆಯ ಕಲ್ಲು ಇಡುತ್ತಾಳೆ.

ಎದೆಯ ಮೇಲಿನ ನಂಬರು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಐದು ಸಲ ಸರ್ಕಾರಿ ಪರೀಕ್ಷೆ ಬರೆದವನಿಗೆ ನಂಬರೆಂದರೆ ಏನೆಂದು ಯಾರೂ ಹೇಳಬೇಕಿರಲಿಲ್ಲ. ಕಲ್ಲು ಒದೆಯುವ ರಾಕ್ಷಸ, ಪ್ರತಿ ವರ್ಷ ರದ್ದಾಗುವ ನೇಮಕಾತಿ ಪಟ್ಟಿ. ಕಲ್ಲಿನ ರಾಶಿ, ದುಡಿಯುವವನಿಗೆ ಎಂದೂ ಆಗದ ಮನೆ. ಕೆಂಪು ಬಟ್ಟೆ, ಬಲಿ ಕೇಳುವ ದೇವತೆಗಳದ್ದು. ಎಲ್ಲ ಕೂಡಿಬಂದಿತ್ತು. ಕೊನೆಯ ದೃಶ್ಯ ಮಾತ್ರ ಎಲ್ಲಿಯೂ ಕೂರುತ್ತಿರಲಿಲ್ಲ.

"ಏನ್ಲಾ ಅದು, ಬೆಳಗ್ಗಿಂದ ಅದೇ ಕಲ್ಲ ನೋಡ್ತಾ ಕುಂತಿದೀಯ? ಕಲ್ಲು ಮರಿ ಆಕ್ತದಾ?" ಎಂದಳು ಹೇಮಶ್ರೀ.

ಅವನ ಅಕ್ಕ. ಕೆ.ಆರ್. ನಗರದ ಕಡೆಯ ಊರಿಗೆ ಕೊಟ್ಟಿದ್ದರು. ಗದ್ದೆ ಕುಯ್ಲು ಮುಗಿದಿದ್ದರಿಂದ ನಾಲ್ಕು ವರ್ಷದ ಮಗಳು ಅನುವನ್ನು ಕರೆದುಕೊಂಡು, ಹೊಗೆಸೊಪ್ಪು ವಿಂಗಡಿಸಲು ತವರಿಗೆ ಬಂದಿದ್ದಳು. ಬೇಯಿಸಿ ಒಣಗಿಸಿದ ಎಲೆಗಳನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಮಾಡುವ ಕೆಲಸ. ಚಿನ್ನದ ಬಣ್ಣದ್ದು ಒಂದು ಕಡೆ, ಚುಕ್ಕೆ ಬಿದ್ದದ್ದು ಇನ್ನೊಂದು ಕಡೆ, ಕಂದು ಮತ್ತೊಂದು ಕಡೆ. ಶೆಡ್ಡಿನಲ್ಲಿ ಅಪ್ಪ ಸಿದ್ದಯ್ಯ, ಅವ್ವ ಸುನಂದಮ್ಮ, ಅಕ್ಕ ಮೂವರೂ ಗೋಣಿಚೀಲದ ಮೇಲೆ ಕೂತಿದ್ದರು. ಶಿವಶಂಕರ್ ಬಾಗಿಲ ಹತ್ತಿರ.

"ಓದ್ದೋನು ಕಣವ್ವ, ಅವ್ನು ನೋಡುದ್ರೆ ಆಕುದ್ರೂ ಆಕ್ಬೋದು" ಎಂದರು ಸುನಂದಮ್ಮ.

"ನಾನೂ ಒಂದು ಗುಡ್ಡೆ ಮಾಡ್ತೀನಿ ಕೊಡಿ ಅತ್ಲಾಗೆ" ಎಂದ ಶಿವಶಂಕರ್.

"ಅವ್ನ ಕೈಗೆ ಸೊಪ್ಪು ಕೊಡ್ಬ್ಯಾಡಿ" ಎಂದರು ಸಿದ್ದಯ್ಯ, ತಲೆಯೆತ್ತದೆ. "ಚುಕ್ಕೆ ಇರೋದ್ನೂ ಒಂದ್ನೇ ಗುಡ್ಡೆಗೇ ಆಕ್ತನೆ. ಪಾಪ ಅಂತ."

ಹೇಮಶ್ರೀ ನಕ್ಕಳು. ನಕ್ಕವಳು ಪರದೆಯ ಕಡೆಗೆ ಬಾಗಿ ನೋಡಿದಳು. "ಊಟ ಆದ್ಮೇಲೆ ನಂಗೂ ತೋರ್ಸು. ಅವ್ವ ಒಂದು ಗಳಿಗೆ ಮಲಗ್ತಳೆ, ಅನೂನೂ ಮಲಗ್ತಳೆ."

"ಬ್ಯಾಡ ಅಕ್ಕ. ಬರೀ ಸಾಯ್ಸೋದು."

"ನಾನು ನೋಡ್ದೇ ಇರೋ ಸಾವಾ? ತೋರ್ಸೋ."

ಹಾಗೆ ಮಧ್ಯಾಹ್ನ ನಡುಮನೆಯಲ್ಲಿ, ಗೋಡೆಗೊರಗಿ ಕೂತು, ಇಬ್ಬರೂ ಸಿನಿಮಾ ನೋಡಿದರು. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದ ಮಾತುಗಳನ್ನು ಅವನು ಕನ್ನಡದಲ್ಲಿ ಹೇಳುತ್ತಾ ಹೋದ. ಕೊಲೆಗಳಿಗೆ ಅವಳು ಹೆದರಲಿಲ್ಲ. "ಕೋಳಿ ಕುಯ್ದಂಗೆ ಕುಯ್ತನಲ್ಲಪ್ಪ" ಎಂದು ಕಡ್ಲೆಕಾಯಿ ಬಿಡಿಸುತ್ತಿದ್ದಳು. ಇಪ್ಪತ್ತು ನಿಮಿಷ ಕಳೆದಿರಬೇಕು. ಮೈಕಿನ ದನಿ ಎರಡನೆಯ ಸುತ್ತಿನ ನಿಯಮ ಹೇಳುತ್ತಾ, ನಡುವೆ ಒಂದು ಸಲ ಕೆಮ್ಮಿತು. ಅವಳ ಕೈ ನಿಂತಿತು.

"ಈ ಕೂಸು ಯಾರ್ದು?"

"ಅದು ಬರೀ ದನಿ. ಮಗು ಬರಾಕಿಲ್ಲ ಇದ್ರಲ್ಲಿ. ಅದೊಂದು ಸಂಕೇತ ಅಕ್ಕ. ಅಧಿಕಾರ ಅನ್ನೋದು ಮುಗ್ಧ ದನೀಲಿ ಮಾತಾಡ್ತದೆ ಅಂತ."

"ಸಂಕೇತಕ್ಕೆ ನೆಗಡಿ ಆಯ್ತದಾ?"

ಅವನು ಆ ಭಾಗವನ್ನು ಹಿಂದಕ್ಕೆ ಎಳೆದು ಮತ್ತೆ ಹಾಕಿದ. ಮೂರು ಸಲ ನೋಡಿದ್ದ. ಕೆಮ್ಮನ್ನು ಕೇಳಿಯೇ ಇರಲಿಲ್ಲ.

ಅಲ್ಲಿಂದ ಮುಂದೆ ಅವಳು ಪರದೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದಳು. ಗಂಟೆ ಹೊಡೆದಾಗ ಎಲ್ಲರೂ ರಾಕ್ಷಸನ ಕಡೆ ನೋಡಿದರೆ ಹದಿನೇಳನೆಯ ನಂಬರಿನ ಹೆಂಗಸು ಕಂಬದ ಕಡೆ ನೋಡುತ್ತಾಳೆಂದು ತೋರಿಸಿದಳು. ಅದೂ ನಿಜವಾಗಿತ್ತು. ಕೊನೆಯ ದೃಶ್ಯ ಬಂತು. ಗೇಟು ತೆರೆಯಿತು, ಕಲ್ಲು ಬಿತ್ತು, ಹೆಸರುಗಳು ಮೇಲೇರತೊಡಗಿದವು.

"ಇದುಕ್ಕೇನು ಬರ್ದಿದೀಯ?"

ಅವನು ಓದಿದ. ಮನೆ ಎಂಬ ಕನಸನ್ನೇ ಅವಳು ಧಿಕ್ಕರಿಸುತ್ತಾಳೆ, ಆಸ್ತಿಯ ಆಸೆಯಿಂದ ಬಿಡುಗಡೆ ಪಡೆಯುತ್ತಾಳೆ, ಎಂಬಂಥ ಎರಡು ವಾಕ್ಯ.

"ಅವು ಮನೆ ಅಲ್ಲ ಕಣೋ" ಎಂದಳು ಹೇಮಶ್ರೀ. ಕೋಣೆಯಲ್ಲಿ ಅನು ಮಗ್ಗುಲಾದ ಸದ್ದಾಯಿತು. ಅವಳು ದನಿ ತಗ್ಗಿಸಿದಳು. "ಗೇಟ್ ದಾಟುದ್ರೆ ಆಟ ಮುಗೀತದೆ. ಆಟ ಮುಗುದ್ರೆ ಆ ದನಿ ನಿಂತೋಯ್ತದೆ. ಅವ್ಳು ತಾಯಿ. ದನಿ ಕೇಳಾಕೇ ಕಲ್ಲ ಜೋಡುಸ್ತಾ ಅವ್ಳೆ."

"ಅಂಗಂತ ಎಲ್ಲೂ ಯೋಳಿಲ್ಲ ಅದ್ರಲ್ಲಿ."

"ಯೋಳ್ಬೇಕಾ? ಆ ಕೆಂಪು ಬಟ್ಟೇನೂ ಮಾರಮ್ಮಂದು ಅಂತ ಬರ್ದಿದೀಯಲ್ಲ. ಸರಿಯಾಗಿ ನೋಡು. ಜೊಲ್ಲುಬಟ್ಟೆ ಅದು. ಕೂಸಿನ ಕೊರಳಿಗೆ ಕಟ್ಟೋದು."

ಅವಳು ಕಡ್ಲೆಕಾಯಿಯ ಸಿಪ್ಪೆಗಳನ್ನು ಸೆರಗಿನಲ್ಲಿ ಬಳಿದುಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು, ಬೇರೆ ಯಾವುದೋ ಮಾತು ಹೇಳುವವಳಂತೆ ಹೇಳಿದಳು: "ಬೈಲಕುಪ್ಪೇಲಿ ನಿನ್ನ ಟಿಬೆಟಿ ಸ್ನೇಹಿತ ಅವ್ನಲ್ಲ, ಅವುನ್ನ ಕೇಳು. ದ್ಯಾವ್ರುಗೆ ಯಾಕೆ ಜೊಲ್ಲುಬಟ್ಟೆ ಕಟ್ತಾರೆ ಅಂತ. ಕೇಳ್ಕಂಡು ಬಂದು ನಂಗೆ ಯೋಳು."

ಏಳು ವರ್ಷದ ಹಿಂದೆ ಅವಳ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಿತ್ತು. ಪಿರಿಯಾಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ, ದಿನ ತುಂಬುವ ಮೊದಲೇ, ಪ್ರಜ್ಞೆ ತಪ್ಪಿಸಿ ಮಗು ತೆಗೆದಿದ್ದರು. ಹೆಣ್ಣು ಮಗು. ಅತ್ತಿತ್ತು. ಉಸಿರು ಸಾಲುತ್ತಿಲ್ಲ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸ್ ಹುಣಸೂರಿನಿಂದ ಬರಬೇಕಿತ್ತು. ಅಷ್ಟರಲ್ಲಿ ಊರಿನವರ ಓಮ್ನಿ ಸಿಕ್ಕಿತು. ಸಿದ್ದಯ್ಯ ಮುಂದೆ ಕೂತರು, ಇಪ್ಪತ್ತೊಂದು ವರ್ಷದ ಶಿವಶಂಕರ್ ಮಗುವನ್ನೆತ್ತಿಕೊಂಡು ಹಿಂದೆ. ಮೈಸೂರಿನ ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ಮುಟ್ಟಿ ನೋಡಿ ತಲೆಯಾಡಿಸಿದರು.

ಹಿಂದಕ್ಕೆ ಬರುವಾಗ ಸಿದ್ದಯ್ಯ, ಕಂಪಲಾಪುರ ದಾಟಿದ ಮೇಲೆ, ಮುಂದಿನ ರಸ್ತೆ ನೋಡುತ್ತಲೇ ಹೇಳಿದ್ದರು: "ಹುಟ್ತಾಲೇ ಉಸ್ರಿರ್ಲಿಲ್ಲ ಅನ್ನು. ಅತ್ತಿತ್ತು ಅಂದ್ರೆ ಅವ್ಳು ಜೀವಮಾನವೆಲ್ಲ ಅದ್ನೇ ಕೇಳುಸ್ಕತಾ ಕುಂತ್ಕತಳೆ. ಜಾಗವೂ ಯೋಳ್ಬ್ಯಾಡ. ಹೆತ್ತೋಳಿಗೆ ತೋರುಸ್ಬಾರ್ದು."

ಅವರ ಕಡೆ ಹಾಗೆಯೇ. ಹೆಸರಿಡುವ ಮೊದಲು ಹೋದ ಕೂಸನ್ನು ಸುಡುವುದಿಲ್ಲ, ಗುಡ್ಡೆ ಮಾಡುವುದಿಲ್ಲ, ಗುರುತಿಗೆ ಕಲ್ಲು ನೆಡುವುದಿಲ್ಲ. ಸ್ವಂತ ಹೊಲದ ಅಂಚಿನಲ್ಲಿ ಮಣ್ಣು ಮಾಡಿ, ಮುಂದಿನ ಮಳೆಗೆ ಉತ್ತುಬಿಡುತ್ತಾರೆ. ಹೆತ್ತವಳಿಗೆ ಜಾಗ ತೋರಿಸಿದರೆ ಅವಳ ಮಡಿಲು ಮತ್ತೆ ತುಂಬುವುದಿಲ್ಲ ಎನ್ನುತ್ತಾರೆ. ಹೇಮಶ್ರೀಗೆ ಎಚ್ಚರವಾದಾಗ, ಮಗು ಹುಟ್ಟುವಾಗಲೇ ಇರಲಿಲ್ಲ ಎಂದು ಸುನಂದಮ್ಮ ಹೇಳಿದರು. ಆಮೇಲೆ ಊರಿನಿಂದ ಬಂದ ಸುನಂದಮ್ಮನಿಗೂ ಅಷ್ಟೇ ಗೊತ್ತಿತ್ತು. ಸಿದ್ದಯ್ಯ ಮತ್ತು ಶಿವಶಂಕರ್ ಆ ದಿನದ ಬಗ್ಗೆ ಮತ್ತೆಂದೂ ಮಾತಾಡಲಿಲ್ಲ. ಹೊಲದ ಆ ಅಂಚಿಗೆ ನೇಗಿಲು ಬಂದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಇಂಥ ಮನೆಯಲ್ಲಿ ಬೆಳೆದವನು ಮೂರು ಸಲ ನೋಡಿ, ಆ ಕಲ್ಲುಗಳನ್ನು ಮನೆ ಎಂದು ಬರೆದಿದ್ದ.

ಬೈಲಕುಪ್ಪೆಯ ನಾಲ್ಕನೆಯ ಟಿಬೆಟಿ ಕ್ಯಾಂಪಿನಲ್ಲಿ ಪುಂಚೋಕನ ಅಂಗಡಿ. ಮೊಮೊ, ನೂಡಲ್ಸ್, ಚಳಿಗಾಲದಲ್ಲಿ ಸ್ವೆಟರ್. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವನು.

"ಏನ್ ಮೇಷ್ಟ್ರೇ, ದಾರಿ ತಪ್ಪುದ್ರಾ?"

"ಮೇಷ್ಟ್ರು ಅನ್ಬ್ಯಾಡ ಕಣ್ಲಾ. ಕೆಲ್ಸ ಓಗದೆ."

"ಓದ್ರೋಯ್ತು ಬುಡು. ನಮ್ಗೆ ದೇಶವೇ ಓಗದೆ, ನೂಡಲ್ಸ್ ಮಾರ್ತಾ ಇಲ್ವಾ? ಕುಂತ್ಕೊ."

ಶಿವಶಂಕರ್ ಫೋನಿನಲ್ಲಿ ಮೂರ್ತಿಗಳ ಚಿತ್ರ ತೋರಿಸಿದ. ಪುಂಚೋಕ್ ಹಣೆ ಸುಕ್ಕುಗಟ್ಟಿಸಿ ನೋಡಿ, ಒಳಗೆ ಕೂಗಿದ. ಅವನ ಸೋದರಮಾವ, ವಯಸ್ಸಾದ ಒಬ್ಬ ಲಾಮಾ, ಬೆಣ್ಣೆ ಚಹಾದ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಜಪಾನಿನ ಒಂದು ಮಠದಲ್ಲಿ ಎರಡು ವರ್ಷ ಇದ್ದು ಬಂದವರು. ಕ್ಯಾಂಪು ಹೊಸದಾಗಿದ್ದಾಗ ಜೋಳದ ಹೊಲದಲ್ಲಿ ಕೂಲಿಯವರಿಂದ ಕಲಿತ ಕನ್ನಡ ಅವರದ್ದು.

ಅವರು ಚಿತ್ರ ನೋಡಿ ಮುಗುಳ್ನಕ್ಕರು. ಗುರುತಿನವರನ್ನು ಕಂಡಂತೆ.

"ನಮ್ಮಲ್ಲೂ ಅವ್ನೆ ಇವ್ನು. ಸಾ-ಯಿ-ನಿಂಗ್ಪೊ. ನಿಮ್ಮ ಸಂಸ್ಕೃತದಲ್ಲಿ ಕ್ಷಿತಿಗರ್ಭ."

ಕ್ಷಿತಿ ಎಂದರೆ ಭೂಮಿ, ಗರ್ಭ ಎಂದರೆ ಬಸಿರು. ಶಿವಶಂಕರ್ ಫೋನನ್ನು ಮೇಜಿನ ಮೇಲಿಟ್ಟ.

"ಜಪಾನಲ್ಲಿ ಇವ್ನು ಮಕ್ಕಳ ದೇವ್ರು" ಎಂದು ಲಾಮಾ ನಿಧಾನಕ್ಕೆ, ಒಂದೊಂದೇ ಮಾತು ಹುಡುಕಿ ಹೇಳಿದರು. "ಅಪ್ಪ ಅಮ್ಮಂಗಿಂತ ಮುಂಚೆ ಸತ್ತ ಮಕ್ಕಳು ಒಳೆ ದಾಟಾಕಾಗಾಕಿಲ್ಲ. ದಡದಲ್ಲೇ ಇರ್ತವೆ. ಕಲ್ಲು ಪೇರಿಸ್ತವೆ. ಭೂತ ಬಂದು ಬೀಳಿಸ್ತದೆ. ಮತ್ತೆ ಪೇರಿಸ್ತವೆ."

"ಯಾಕೆ ಪೇರಿಸ್ತವೆ? ಮನೆಗಾ?"

"ಮನೆಗಲ್ಲ. ಅಪ್ಪಂಗೆ, ಅಮ್ಮಂಗೆ. ಅವ್ರಿಗೆ ಪುಣ್ಯ ಬರ್ಲಿ ಅಂತ."

"ಸತ್ತ ಕೂಸಿಗೆ ಶಿಕ್ಷೆನಾ?" ಅವನ ದನಿ ತನಗೇ ಗಟ್ಟಿಯಾಗಿ ಕೇಳಿಸಿತು. ಪಕ್ಕದ ಮೇಜಿನಲ್ಲಿ ನೂಡಲ್ಸ್ ತಿನ್ನುತ್ತಿದ್ದ ಕುಶಾಲನಗರದ ಹುಡುಗರು ತಿರುಗಿ ನೋಡಿದರು. "ಅದೇನು ತಪ್ಪು ಮಾಡಿರ್ತದೆ?"

"ಅಪ್ಪ ಅಮ್ಮಂಗೆ ದುಃಖ ಕೊಟ್ಟು ಬಂತಲ್ಲ, ಅದು ತಪ್ಪಂತೆ." ಲಾಮಾ ಭುಜ ಕುಣಿಸಿದರು, ಅದು ತಮ್ಮ ಮಾತಲ್ಲ ಎಂಬಂತೆ. "ಅದುಕ್ಕೇ ಇವ್ನು ಬರೋದು. ಸಾಯಂಕಾಲ ಬಂದು ಮಕ್ಕಳನ್ನ ತೋಳೊಳಗೆ ಬಚ್ಚಿಟ್ಕೋತಾನೆ. ಭೂತಕ್ಕೆ ಕಾಣ್ದಂಗೆ. ತಾಯಂದ್ರು ಕೆಂಪು ಬಟ್ಟೆ ಕಟ್ಟೋದು ಅದುಕ್ಕೆ. ಮಗೂದು ಬಟ್ಟೆ ಅದು. ವಾಸ್ನೆ ನೋಡಿ ಇದು ಇಂಥೋಳ ಮಗು ಅಂತ ಇವ್ನು ಹುಡುಕ್ಲಿ ಅಂತ."

ಪುಂಚೋಕ್ ಮೊಮೊ ತಟ್ಟೆ ತಂದಿಟ್ಟು ಸ್ನೇಹಿತನ ಮುಖ ನೋಡಿದ. "ಏನಾಯ್ತೋ?"

"ಏನಿಲ್ಲ. ಲೇಖನ ಪೂರ್ತಿ ತಪ್ಪಾಗದೆ."

"ಓ, ಅಷ್ಟೇನಾ. ತಿನ್ನು, ಆರೋಯ್ತದೆ."

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ಅವನು ಲೇಖನದ ಬಗ್ಗೆ ಯೋಚಿಸಲು ನೋಡಿದ. ಮೂವತ್ತೊಂದು ಮಂದಿ ದೊಡ್ಡವರನ್ನು ನಿರ್ದೇಶಕ ಮಕ್ಕಳ ಜಾಗದಲ್ಲಿ ಕೂರಿಸಿದ್ದಾನೆ. ಸತ್ತ ಮಕ್ಕಳನ್ನು ನೆನೆಯಲೂ ಪುರುಸೊತ್ತಿಲ್ಲದೆ ದುಡಿದವರು, ಈಗ ಮಕ್ಕಳಂತೆಯೇ ಕಲ್ಲು ಪೇರಿಸುತ್ತಾರೆ. ಕಾರ್ಖಾನೆಯ ಸಮವಸ್ತ್ರದ ಅರ್ಥ ಅದು. ಧರ್ಮ ಮಗುವನ್ನು ತಪ್ಪಿತಸ್ಥನನ್ನಾಗಿ ಮಾಡಿತು, ಸಿನಿಮಾ ಆ ತಪ್ಪನ್ನು ತಿರುಗಿಸಿ ದೊಡ್ಡವರ ಮೇಲೆ ಹಾಕಿತು. ಒಳ್ಳೆಯ ವಾಕ್ಯ. ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ. ಬರೆದುಕೊಂಡ ಮೇಲೆ ಕಿಟಕಿಯಾಚೆ ನೋಡುತ್ತಾ, ತನ್ನ ಅಕ್ಕನಿಗೆ ಕಟ್ಟಲು ಒಂದು ಮೂರ್ತಿಯೂ ಇಲ್ಲ, ಕಟ್ಟುವ ಬಟ್ಟೆಯೂ ಇಲ್ಲ ಎಂದುಕೊಂಡ. ಮಗುವಿಗೆಂದು ಹೊಲಿದಿದ್ದ ಬಟ್ಟೆಗಳನ್ನೆಲ್ಲ ಸುನಂದಮ್ಮ ಯಾರಿಗೋ ಕೊಟ್ಟುಬಿಟ್ಟಿದ್ದರು.

ಮಾರನೆಯ ದಿನ ಬೆಳಿಗ್ಗೆ ಸಿದ್ದಯ್ಯ ಸೊಪ್ಪಿನ ಬೇಲುಗಳನ್ನು ಟೆಂಪೋಗೆ ಹಾಕಿಸಿಕೊಂಡು ಹರಾಜಿಗೆ ಹೋದರು. ಸುನಂದಮ್ಮ ಅನುವನ್ನು ಸ್ನಾನಕ್ಕೆ ಕೂರಿಸಿದ್ದರು. ಬಚ್ಚಲಿನಿಂದ ಮೊಮ್ಮಗಳ ಕಿರುಚಾಟ, ಅಜ್ಜಿಯ ಗದರಿಕೆ ಕೇಳುತ್ತಿತ್ತು. ಶೆಡ್ಡಿನಲ್ಲಿ ಅಕ್ಕ ತಮ್ಮ ಇಬ್ಬರೇ.

"ಕೇಳ್ದಾ?" ಎಂದಳು ಹೇಮಶ್ರೀ, ಎಲೆಯೊಂದನ್ನು ಬೆಳಕಿಗೆ ಹಿಡಿದು.

ಅವನು ಲಾಮಾ ಹೇಳಿದ್ದನ್ನೆಲ್ಲ ಹೇಳಿದ. ಹೊಳೆ, ಭೂತ, ತೋಳು. ಬಟ್ಟೆಯ ವಾಸನೆಯ ಮಾತನ್ನು ನುಂಗಿಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಅದನ್ನೂ ಹೇಳಿದ.

ಅವಳು ಆ ಎಲೆಯನ್ನು ಯಾವ ಗುಡ್ಡೆಗೂ ಹಾಕದೆ ತೊಡೆಯ ಮೇಲಿಟ್ಟುಕೊಂಡಳು.

"ಎಲ್ಲಿ ಇಟ್ರಿ ಅವುಳ್ನ?"

ಏಳು ವರ್ಷದಲ್ಲಿ ಮೊದಲ ಸಲ ಕೇಳಿದ್ದಳು.

"ಅಕ್ಕ, ಅಪ್ಪ..."

"ಅಪ್ಪ ಯೋಳಿರೋದು ಗೊತ್ತು. ತೋರುಸುದ್ರೆ ಮಡ್ಲು ತುಂಬಾಕಿಲ್ಲ ಅಂತ ತಾನೆ? ಅಲ್ಲಿ ಕಿರುಚ್ತಾ ಅವ್ಳೆ ನೋಡು, ತುಂಬಾಗದೆ. ಇನ್ಯಾಕೆ ಭಯ?" ಅವಳು ಮಾತನ್ನು ನಗೆಯಂತೆ ಆಡಿದಳು. ಆಮೇಲೆ ಅದು ನಗೆಯಾಗಿ ಉಳಿಯಲಿಲ್ಲ. "ನಾನೇನ್ ಅಳಾಕಿಲ್ಲ ಕಣೋ. ಜಾಗ ಒಂದ ತೋರ್ಸು ಸಾಕು."

ಹೊಲ ಊರಿನ ಪಕ್ಕದಲ್ಲೇ. ಸೊಪ್ಪು ಮುರಿದ ಮೇಲೆ ಉಳಿದ ಕಡ್ಡಿಗಳು ಸಾಲಾಗಿ ನಿಂತಿದ್ದವು. ಪಡುವಲ ಬದುವಿನಲ್ಲಿ ಒಂದು ಹೊಂಗೆ ಮರ. ಅದರಿಂದ ಆರು ಹೆಜ್ಜೆ ಎಣಿಸಿ ಅವನು ನಿಂತ. ಅಲ್ಲಿ ಏನೂ ಇರಲಿಲ್ಲ. ಒಣಗಿದ ಎರಡು ಕಡ್ಡಿ, ಅವುಗಳ ನಡುವೆ ಮಣ್ಣು.

ಹೇಮಶ್ರೀ ನೋಡುತ್ತಾ ನಿಂತಳು. ಬೇರೆಯವರ ಹೊಲ ನೋಡುವವಳಂತೆ.

"ಓದ್ವರ್ಷ ನಾಟಿ ಮಾಡ್ದಾಗ ಇಲ್ಲೇ ಅಲ್ವಾ ಉಂಡದ್ದು ನಾವು?"

"ಹೂಂ."

"ನೀನೂ ಇದ್ದೆ."

"ಹೂಂ."

"ಇರ್ವೆ ಅವೆ ಅಂತ ನನ್ನ ಏಳ್ಸಿ ಆಚೆ ಕೂರ್ಸ್ದೆ." ಅವಳು ತಮ್ಮನ ಮುಖ ನೋಡಿದಳು. "ಇರ್ವೆ ಇರ್ಲಿಲ್ಲ."

"ಇರ್ಲಿಲ್ಲ."

ಅವಳು ಕೂತಳು. ಮುಟ್ಟಲಿಲ್ಲ, ಮಣ್ಣು ಎತ್ತಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಮಡಿಲಲ್ಲಿ ಸೇರಿಸಿಕೊಂಡು, ಮನೆಗೆ ಬಂದ ನೆಂಟರ ಹತ್ತಿರ ಕೂರುವಂತೆ ಕೂತಳು. ಅವನು ನಿಂತೇ ಇದ್ದ. ದೂರದಲ್ಲಿ ಯಾರದ್ದೋ ಟ್ರಾಕ್ಟರ್ ನಿಂತು ನಿಂತು ಓಡುತ್ತಿತ್ತು.

"ಅತ್ತಿತ್ತಾ?"

ಈ ಪ್ರಶ್ನೆ ಬರುತ್ತದೆಂದು ಅವನಿಗೆ ಬಸ್ಸಿನಲ್ಲೇ ಗೊತ್ತಿತ್ತು. ನೆಗಡಿಯ ಮಾತು ಬಂದಾಗಲೇ ಗೊತ್ತಿತ್ತು. ಇಲ್ಲ ಎನ್ನುವುದು ಸುಲಭ. ಏಳು ವರ್ಷ ಹೇಳಿದ್ದ ಮಾತು, ಬಾಯಿಗೆ ಒಗ್ಗಿದ ಮಾತು. ಅಪ್ಪ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅತ್ತಿತ್ತು ಎಂದರೆ ಇವಳು ಜೀವಮಾನವೆಲ್ಲ ಕೇಳಿಸಿಕೊಳ್ಳುತ್ತಾ ಕೂರುತ್ತಾಳೆ. ಆದರೆ ಇಲ್ಲ ಎಂದಿದ್ದಾಗಲೂ ಇವಳು ಕೇಳಿಸಿಕೊಳ್ಳುತ್ತಲೇ ಕೂತಿದ್ದಳಲ್ಲ. ಕೇಳಲು ಏನೂ ಇಲ್ಲದೆ.

"ಅತ್ತಿತ್ತು ಅಕ್ಕ."

ಅವಳು ಕಣ್ಣು ಮುಚ್ಚಿದಳು.

"ಹುಟ್ತಾಲೇ ಇರ್ಲಿಲ್ಲ ಅಂದ್ರಿ."

"ಸುಳ್ಳು ಅದು. ಮೈಸೂರಿಗೆ ಕರ್ಕೊಂಡು ಓದೋ. ಓಮ್ನೀಲಿ. ನಾನೇ ಎತ್ಕಂಡಿದ್ದೆ."

"ನೀನಾ?"

"ನಾನೇ."

ಅವಳು ಕಣ್ಣು ಬಿಟ್ಟು ಅವನ ಕೈಗಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಅವನಿಗೆ ಅವುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಎಲ್ಲೀಗಂಟ ಅತ್ತಿತ್ತು?"

"ಹುಣಸೂರು ದಾಟಿ, ಬಿಳಿಕೆರೆಗಂಟ."

"ಅಷ್ಟು ದೂರ!" ಎಂದಳು ಹೇಮಶ್ರೀ. ಅವಳ ಮುಖದಲ್ಲಿ ಆಗ ಕಂಡದ್ದನ್ನು ಏನೆಂದು ಕರೆಯಬೇಕೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಮಗು ಮೊದಲ ಸಲ ನಡೆದದ್ದನ್ನು ಕೇಳಿದ ತಾಯಿಯ ಮುಖದಂತಿತ್ತು. "ಅಷ್ಟೊಂದು ದೂರ ಅತ್ಳಾ? ಜೋರಾಗಿತ್ತಾ ದನಿ?"

"ಜೋರಿರ್ಲಿಲ್ಲ. ಸಣ್ಣಕೆ. ಆದ್ರೆ ಬುಡ್ತಿರ್ಲಿಲ್ಲ. ಒಂದೊಂದ್ಸಲ ನಿಂತು, ಮತ್ತೆ ಶುರು ಮಾಡ್ತಿತ್ತು."

"ಅಟಮಾರಿ" ಎಂದಳು ಅವಳು. ಆಮೇಲೆ ಅತ್ತಳು. ಅಳುವುದಿಲ್ಲ ಎಂದು ಹೇಳಿದ್ದನ್ನು ಅವನು ನೆನಪಿಸಲಿಲ್ಲ. ಪಕ್ಕದಲ್ಲಿ ಕೂತ. ಬಿಸಿಲು ಬದುವಿನಿಂದ ಇಳಿದು ಕಡ್ಡಿಗಳ ಸಾಲಿಗೆ ಬರುವವರೆಗೂ ಇಬ್ಬರೂ ಅಲ್ಲೇ ಇದ್ದರು.

"ಆಮೇಲೆ?"

"ಆಮೇಲೆ ನಿಂತೋಯ್ತು ಅಕ್ಕ."

ಸಂಜೆ ಸಿದ್ದಯ್ಯ ಹರಾಜಿನಿಂದ ಬಂದರು. ಸೊಪ್ಪಿಗೆ ಸುಮಾರಾದ ಬೆಲೆ ಸಿಕ್ಕಿದೆ ಎಂದರು. ಕಾಲು ತೊಳೆದು ಜಗುಲಿಯ ಮೇಲೆ ಕೂತವರ ಮುಂದೆ ಹೇಮಶ್ರೀ ಕಾಫಿಯ ಲೋಟ ಇಟ್ಟಳು. ಇಟ್ಟು, ಅಲ್ಲೇ ನಿಂತಳು.

"ಹೊಂಗೆ ಮರದ ತಾವ ಓಗಿದ್ದೆ ಅಪ್ಪ."

ಸಿದ್ದಯ್ಯ ಮಗನ ಕಡೆ ನೋಡಲಿಲ್ಲ. ಲೋಟವನ್ನೂ ಎತ್ತಲಿಲ್ಲ. "ಅಲ್ಲಿ ಈ ಸಲ ಉಳಾಕಿಲ್ಲ ಬುಡವ್ವ" ಎಂದರು. ಅಷ್ಟೇ. ಸುನಂದಮ್ಮ ಒಳಗಿನಿಂದ, ಕಾಫಿ ಆರಿಹೋಗ್ತದೆ ಕುಡೀರಿ ಎಂದು ಕೂಗಿದರು.

ಲೇಖನ ಸೋಮವಾರ ಹೋಗಲಿಲ್ಲ, ಬುಧವಾರ ಹೋಯಿತು. ಮನೆಯ ಮಾತೆಲ್ಲ ತೆಗೆದು ಹೊಸದಾಗಿ ಬರೆದಿದ್ದ. ಕೊನೆಯ ದೃಶ್ಯಕ್ಕೆ ಅಕ್ಕ ಹೇಳಿದ ಅರ್ಥವನ್ನೇ ಹಾಕಿದ. ಯಾರು ಹೇಳಿದ್ದೆಂದು ಬರೆಯಲಿಲ್ಲ. ಪವಿತ್ರಾ ಫೋನು ಮಾಡಿ, ಆ ಒಂದು ಭಾಗ ಓದಿ ಸ್ವಲ್ಪ ಹೊತ್ತು ಕೆಲಸ ಮಾಡಲಾಗಲಿಲ್ಲ ಎಂದರು.

ಹೇಮಶ್ರೀ ಕೆ.ಆರ್. ನಗರಕ್ಕೆ ವಾಪಸು ಹೋದಳು. ವಾರಕ್ಕೊಮ್ಮೆ, ಗಂಡ ಮಹೇಶ್‌ಕುಮಾರ್ ಗದ್ದೆಗೆ ಹೋದ ಹೊತ್ತಿನಲ್ಲಿ, ಫೋನು ಮಾಡುತ್ತಾಳೆ. ಅನು 'ಅ ಆ' ಬರೆದಳು, ಎಮ್ಮೆ ಕರು ಹಾಕಿತು ಎಂದೆಲ್ಲ ಹೇಳುತ್ತಾಳೆ. ಆಮೇಲೆ, "ಓಮ್ನಿ ಹೊಂಟಾಗ್ಲಿಂದ ಯೋಳು" ಎನ್ನುತ್ತಾಳೆ. ಅವನು ಹೇಳುತ್ತಾನೆ. ಸುತ್ತಿದ್ದ ಬಟ್ಟೆಯ ಬಣ್ಣ ಹೇಳಿದ್ದಾನೆ. ಮುಷ್ಟಿ ಬಿಗಿಹಿಡಿದಿತ್ತು ಎಂದು, ಕಿವಿಯ ಮೇಲೆ ಕೂದಲಿತ್ತು ಎಂದು, ಕಂಪಲಾಪುರದ ಉಬ್ಬಿನಲ್ಲಿ ಗಾಡಿ ಎಗರಿದಾಗ ಅಳು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು ಎಂದು ಹೇಳಿದ್ದಾನೆ. ಅವಳು ಕೇಳಿದ್ದೊಂದನ್ನೂ ಬಚ್ಚಿಟ್ಟಿಲ್ಲ.

ಬಿಳಿಕೆರೆಯ ಹತ್ತಿರ ಅಳು ನಿಂತಾಗ ಮಗುವಿಗೆ ನಿದ್ದೆ ಬಂತು ಎಂದುಕೊಂಡು, ಎಚ್ಚರವಾದೀತೆಂದು ಮೈಸೂರಿನವರೆಗೂ ಅವನು ಕೈ ಅಲುಗಿಸದೆ ಕೂತಿದ್ದ. ಇದನ್ನು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.